ಅಮ್ಮಮ್ಮನ ಹಾಲುಬಾಯಿ: "ಬೆಲ್ಲ ಒಂದೂವರೆ ಸಿದ್ದೆ" ಎಂದರೆ ಎಷ್ಟು?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಬಗೆಹರಿಯದ ಒಂದು ಅಡುಗೆಮನೆಯ ತಕರಾರನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನ ಅಮ್ಮಮ್ಮನ ಊರು ಸಾಗರ ತಾಲ್ಲೂಕಿನಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮನೆ, ತೋಟ, ಕಬ್ಬು ಅರೆದು ಬೆಲ್ಲ ಕಾಯಿಸುತ್ತಿದ್ದ ಆಲೆಮನೆ ಎಲ್ಲವೂ ಮುಳುಗಡೆಯಾದವು. ಆಗ ಹೊತ್ತು ತಂದ ಸಾಮಾನಿನಲ್ಲಿ ಹಾಲಿನ ಲೆಕ್ಕದ ಒಂದು ಪುಸ್ತಕವೂ ಇತ್ತು. ಮುಂದಿನ ಪುಟಗಳಲ್ಲಿ ಆಣೆಗಳಲ್ಲಿ ಬರೆದ ಹಾಲಿನ ಬಾಕಿ, ಹಿಂದಿನಿಂದ ತಿರುಗಿಸಿದರೆ ಪೆನ್ಸಿಲಿನಲ್ಲಿ ಬರೆದ ಅಡುಗೆಗಳು.

ಹಾಲುಬಾಯಿಯ (ಅಕ್ಕಿ, ಬೆಲ್ಲ, ಕಾಯಿ ಕಾಯಿಸಿ ಹೊಯ್ದು ತುಂಡು ಮಾಡುವ ಸಿಹಿ) ಪುಟದ ಮೂಲೆಯಲ್ಲಿ ತುಪ್ಪದ ಕಲೆಯಾಗಿ ಕಾಗದ ಕನ್ನಡಿಯಂತೆ ಪಾರದರ್ಶಕವಾಗಿದೆ. ಅಲ್ಲಿರುವುದು ಇಷ್ಟೇ: "ಅಕ್ಕಿ 1 ಸಿದ್ದೆ, ಬೆಲ್ಲ 1½ ಸಿದ್ದೆ, ಕಾ 1, ನೀರು ಹದಕ್ಕೆ, ಉಪ್ಪು ಹರಳು, ಏಲಕ್ಕಿ, ತುಪ್ಪ. ಕೈಗೆ ಅಂಟದಿದ್ದಾಗ ಬಾಳೆಲೆಗೆ ಹೊಯ್ಯುವುದು."

ಸಿದ್ದೆಯೆಂದರೆ ಕಾಲು ಸೇರು ಎಂದು ಅಮ್ಮ ಹೇಳಿದಳು. ಸೇರಿಗೆ 933 ಗ್ರಾಂ ಎಂದು ಅಂತರ್ಜಾಲದಲ್ಲಿ ಸಿಕ್ಕಿತು. ಆ ಲೆಕ್ಕದಲ್ಲಿ 233 ಗ್ರಾಂ ಅಕ್ಕಿ, 350 ಗ್ರಾಂ ಅಚ್ಚುಬೆಲ್ಲ ಮತ್ತು ಒಂದು ತೆಂಗಿನಕಾಯಿ ಹಾಕಿ ಆರು ಸಲ ಮಾಡಿದ್ದೇನೆ. ಸಿಹಿ ಸರಿಯಾಗಿಯೇ ಇರುತ್ತದೆ. ಆದರೆ ಬಣ್ಣ ಒಣಗಿದ ಗಂಧದಂತೆ ಪೇಲವವಾಗಿರುತ್ತದೆ, ಮರುದಿನಕ್ಕೆ ಸೋಪಿನ ಬಿಲ್ಲೆಯಂತೆ ಬಿಗಿದುಕೊಳ್ಳುತ್ತದೆ. ಅಮ್ಮಮ್ಮನದು ಕಾಫಿಯ ಬಣ್ಣದ್ದಾಗಿ, ಮೂರನೆಯ ದಿನವೂ ಬೆರಳೊತ್ತಿದರೆ ಬಳುಕುತ್ತಿತ್ತು. ತಪ್ಪು ಎಲ್ಲಿ ಆಗುತ್ತಿದೆ?

ಒರಳುಕಲ್ಲು:
ಮೊದಲು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿ. ರಾತ್ರಿ ಅದನ್ನು ಫ್ರಿಜ್ಜಿನಲ್ಲಿ ಇಡುತ್ತೀರಾ?

ಹೊಳೆದಂಡೆ:
ಹೌದು, ಕಾಯಿ ಹಾಕಿದ್ದಲ್ಲವೇ, ಹಳಸಬಾರದೆಂದು ಇಡುತ್ತೇನೆ.

ಒರಳುಕಲ್ಲು:
ಹಾಗಾದರೆ ಅರ್ಧ ರೋಗ ಸಿಕ್ಕಿತು. ಬೆಂದು ಅರಳಿದ ಪಿಷ್ಟ ಆರುತ್ತ ಆರುತ್ತ ಮತ್ತೆ ಬಿಗಿಯಾಗುತ್ತದೆ, ಫ್ರಿಜ್ಜಿನ ತಣ್ಪಿನಲ್ಲಂತೂ ಹೊರಗಿಗಿಂತ ಬಹಳ ಬೇಗ ಬಿಗಿಯುತ್ತದೆ. ಫ್ರಿಜ್ಜಿನಲ್ಲಿಟ್ಟ ಅನ್ನ ಬೆಳಿಗ್ಗೆ ಕಲ್ಲಾಗಿರುವುದು ಇದೇ ಕಾರಣಕ್ಕೆ. ನಿಮ್ಮ ಅಮ್ಮಮ್ಮನ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ, ಎಲೆ ಮುಚ್ಚಿ ನಾಗಂದಿಗೆಯ ಮೇಲೆ ಇಡುತ್ತಿದ್ದರು, ಮೆದುವಾಗಿತ್ತು. ಒಂದು ಕಾಯಿಯ ಹಾಲುಬಾಯಿಯನ್ನು ಎರಡು ದಿನದಲ್ಲಿ ತಿಂದು ಮುಗಿಸದ ಮನೆಯೂ ಮನೆಯೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ಹಾಸನದ ಸೊಸೆ:
ಕ್ಷಮಿಸಿ, ಅಕ್ಕಿಯದಕ್ಕೆ ಹಾಲುಬಾಯಿ ಎನ್ನುವುದೇ ನಮ್ಮ ಕಡೆಯವರಿಗೆ ಅರ್ಧಂಬರ್ಧ ಮಾತು. ನಮ್ಮಲ್ಲಿ ಹಾಲುಬಾಯಿ ಎಂದರೆ ರಾಗಿಯದು. ಹಿಂದಿನ ರಾತ್ರಿ ನೆನೆಹಾಕಿ, ರುಬ್ಬಿ, ತೆಳುಬಟ್ಟೆಯಲ್ಲಿ ಎರಡು ಸಲ ಹಿಂಡಿ ತೆಗೆದ ರಾಗಿ ಹಾಲಿಗೆ ಬೆಲ್ಲವನ್ನೂ ಕಾಯಿಹಾಲನ್ನೂ ಸೇರಿಸಿ ಕಾಯಿಸುತ್ತೇವೆ. ನಿಮಗೆ ಬೇಕಾದ ಬಣ್ಣ ಕೇಳದೆಯೇ ಬರುತ್ತದೆ. ನಿಮ್ಮ ಅಮ್ಮಮ್ಮ ಒಂದು ಹಿಡಿ ರಾಗಿ ಸೇರಿಸುತ್ತಿದ್ದಿರಬಹುದು ಮತ್ತು ಬರೆಯುವಾಗ ಬಿಟ್ಟಿರಬಹುದು.

ಹೊಳೆದಂಡೆ:
ರಾಗಿ ನಮ್ಮ ಮನೆಯಲ್ಲಿ ಕಾಣಸಿಗುತ್ತಿದ್ದದ್ದೇ ಅಪರೂಪ, ಅಕ್ಕ. ಗದ್ದೆಯ ಭತ್ತ, ಅಡಕೆ, ಒಂದಿಷ್ಟು ಕಬ್ಬು, ಅಷ್ಟೇ.

ಕುಡ್ತೆ:
ಯಾವುದು ನಿಜವಾದದ್ದು ಎಂಬ ಜಗಳಕ್ಕೆ ಹೋಗುವುದಾದರೆ ದಕ್ಷಿಣ ಕನ್ನಡದವರಾದ ನಾವು ಇದನ್ನು ಮಣ್ಣಿ ಎನ್ನುತ್ತೇವೆ, ರಾಗಿಯದನ್ನೂ ಮಾಡುತ್ತೇವೆ, ಅಕ್ಕಿಯದನ್ನೂ ಮಾಡುತ್ತೇವೆ. ನಮ್ಮ ಅಜ್ಜಿಯ ಪುಸ್ತಕದಲ್ಲಿ ಸಿದ್ದೆಯ ಬದಲು ಕುಡ್ತೆ ಇದೆ. ನನ್ನ ಅನುಮಾನವೇ ಬೇರೆ. "ಕಾ 1" ಎಂಬುದನ್ನು ಒಂದು ಕಾಯಿ ಎಂದು ನೀವು ಓದಿದ್ದೀರಿ. ಅದು ಒಂದು ಕಡಿ, ಅಂದರೆ ಅರ್ಧ ಕಾಯಿ, ಆಗಿದ್ದು ಅಕ್ಷರ ಅಳಿಸಿರಬಹುದಲ್ಲವೇ? ಒಂದು ಸಿದ್ದೆ ಅಕ್ಕಿಗೆ ಇಡೀ ಕಾಯಿ ನಮ್ಮ ಕಣ್ಣಿಗೆ ಜಾಸ್ತಿ ಕಾಣುತ್ತದೆ.

ಹೊಳೆದಂಡೆ:
ಬೂತಗನ್ನಡಿ ಹಿಡಿದು ನೋಡಿದೆ. "ಕಾ" ಎಂಬುದು ಸ್ಪಷ್ಟವಾಗಿದೆ. ಕಾಯಿ ಎಂದೇ ನನ್ನ ನಂಬಿಕೆ. ಆಗಿನ ಮಲೆನಾಡಿನ ಕಾಯಿ ಈಗಿನ ಪೇಟೆಯ ಕಾಯಿಯಷ್ಟು ದೊಡ್ಡದಿರಲಿಲ್ಲ ಎಂದು ಅಮ್ಮನೂ ಹೇಳುತ್ತಾಳೆ.

ಲೆಕ್ಕಿಗ:
ಸೇರಿಗೆ 933 ಗ್ರಾಂ ಎಂಬ ನಿಮ್ಮ ಲೆಕ್ಕದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಹಳೆಯ ಪುಸ್ತಕಗಳಿಂದ ಅಡುಗೆ ಮಾಡಹೊರಟವರು ಸಾಮಾನ್ಯವಾಗಿ ಬೀಳುವ ಗುಂಡಿ ಇದು. 933 ಗ್ರಾಂ ಎಂಬುದು 80 ತೊಲದ ಸರ್ಕಾರಿ ಸೇರು, ತೊಲಕ್ಕೆ 11.66 ಗ್ರಾಂ. ಹಳೆಯ ಮೈಸೂರಿನ ಪೇಟೆಗಳಲ್ಲಿ 24 ತೊಲದ ಕಚ್ಚಾ ಸೇರೂ ನಡೆಯುತ್ತಿತ್ತು, ಅಂದರೆ ಸುಮಾರು 280 ಗ್ರಾಂ. ಇವೆರಡೂ ತಕ್ಕಡಿಯ ಸೇರುಗಳು. ಅಕ್ಕಿ, ಹಾಲು, ಎಣ್ಣೆಯನ್ನು ಅಳೆಯುತ್ತಿದ್ದ ಸೇರು, ಪಾವು, ಚಟಾಕುಗಳು ಬೇರೆ, ಅವು ಪಾತ್ರೆಗಳು. ಪಾತ್ರೆಯ ಅಳತೆಯನ್ನು ತಕ್ಕಡಿಯ ಅಳತೆಗೆ ನೇರವಾಗಿ ಇಳಿಸಿದರೆ ಕಾಲು ಸೇರು ಅಕ್ಕಿಗೂ ಕಾಲು ಸೇರು ಎಣ್ಣೆಗೂ ಒಂದೇ ತೂಕ ಬಂದುಬಿಡುತ್ತದೆ, ಹಾಗೆ ಆಗಲು ಸಾಧ್ಯವಿಲ್ಲ.

ದೇಶದಲ್ಲಿ ಮೆಟ್ರಿಕ್ ತೂಕಗಳು ಬಳಕೆಗೆ ಬಂದದ್ದು 1958ರ ಅಕ್ಟೋಬರಿನಿಂದ. ಹಳ್ಳಿಯ ಅಡುಗೆಮನೆಗಳು ಆಮೇಲೆಯೂ ಬಹಳ ವರ್ಷ ಪಾವು ಸಿದ್ದೆಗಳಲ್ಲೇ ಇದ್ದವು, ಈಗಲೂ ಕೆಲವು ಇವೆ. ನಿಮ್ಮ ಸಿದ್ದೆ ಎಷ್ಟು ಹಿಡಿಯುತ್ತಿತ್ತು ಎಂಬ ಚಿಂತೆಯನ್ನೇ ಬಿಡಿ. ಅಕ್ಕಿಗೂ ಬೆಲ್ಲಕ್ಕೂ ಒಂದೇ ಪಾತ್ರೆ ಬಳಸಿದ್ದಾರೆ. ಯಾವುದಾದರೂ ಒಂದು ಲೋಟ ತೆಗೆದುಕೊಂಡು ಒಂದಕ್ಕೆ ಒಂದೂವರೆ ಎಂದು ಅಳೆಯಿರಿ, ಮುಗಿಯಿತು.

ಅಡಕೆಹಾಳೆ:
ಲೆಕ್ಕಿಗರು ಬಾಗಿಲವರೆಗೆ ಬಂದು ಒಳಗೆ ಬರದೆ ಹೋದರು. ಬೆಲ್ಲವನ್ನು ಸಿದ್ದೆಯಲ್ಲಿ ಅಳೆಯುವುದು ಹೇಗೆ, ಸ್ವಾಮಿ? ಅಚ್ಚುಬೆಲ್ಲವನ್ನು ಯಾರಾದರೂ ಪಾತ್ರೆಗೆ ತುಂಬಿ ಅಳೆಯುತ್ತಾರೆಯೇ? ಅಚ್ಚನ್ನು ಎಣಿಸುತ್ತಾರೆ, ಇಲ್ಲವೇ ತೂಗುತ್ತಾರೆ. ಸಿದ್ದೆಯಲ್ಲಿ ಅಳೆದಿದ್ದಾರೆ ಎಂದರೆ ಅದು ಹೊಯ್ಯುವ ಬೆಲ್ಲ. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಮನೆಗಳಲ್ಲಿ ಬೆಲ್ಲ ಎಂದರೆ ಜೋನಿ ಬೆಲ್ಲವೇ. ತಗಡಿನ ಡಬ್ಬಿಯಲ್ಲಿ ತುಂಬಿಟ್ಟು, ದೋಸೆಗೂ ಪಾಯಸಕ್ಕೂ ಅದರಿಂದಲೇ ಸೌಟಿನಲ್ಲಿ ತೆಗೆಯುತ್ತಿದ್ದರು. ನಿಮ್ಮ ಅಮ್ಮಮ್ಮನ ಮನೆಯಲ್ಲಿ ಆಲೆಮನೆ ಇತ್ತು ಎಂದು ನೀವೇ ಮೊದಲ ಮಾತಿನಲ್ಲಿ ಬರೆದಿದ್ದೀರಿ. ಉತ್ತರ ಅಲ್ಲಿಯೇ ಇತ್ತು.

ಅನುಮಾನದ ಅಣ್ಣ:
ಇದು ಕೇಳಲು ಚೆನ್ನಾಗಿದೆ, ಆದರೆ ಸಾಬೀತಾಗಿಲ್ಲ. ಅಚ್ಚುಬೆಲ್ಲವನ್ನು ಕುಟ್ಟಿ ಪುಡಿ ಮಾಡಿ ಪಾವಿನಲ್ಲಿ ಅಳೆಯುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಒಂದು ಪದವನ್ನು ಹಿಡಿದುಕೊಂಡು ಇಡೀ ಪಾಕವನ್ನು ಬದಲಾಯಿಸುವುದು ಅವಸರವಾಗುತ್ತದೆ. ಅದೇ ಪುಸ್ತಕದ ಬೇರೆ ಪುಟಗಳಲ್ಲಿ ಬೆಲ್ಲವನ್ನು ಹೇಗೆ ಬರೆದಿದ್ದಾರೆ ಎಂದು ನೋಡದೆ ತೀರ್ಪು ಕೊಡಬಾರದು.

ಹೊಳೆದಂಡೆ:
ಅನುಮಾನದ ಅಣ್ಣನ ಮಾತು ಕೇಳಿ ಪುಸ್ತಕವನ್ನು ಪೂರ್ತಿ ತಿರುವಿ ಹಾಕಿದೆ, ಕೈ ನಡುಗಿತು ಎಂದರೆ ಸುಳ್ಳಲ್ಲ. ಕಾಯಿ ಹೋಳಿಗೆಯ ಪುಟದಲ್ಲಿ "ಬೆಲ್ಲ 2 ಅಚ್ಚು" ಎಂದಿದೆ. ಎಳ್ಳುಂಡೆಯಲ್ಲಿ "ಅಚ್ಚು 1, ಗಟ್ಟಿ ಪಾಕ" ಎಂದಿದೆ. ಹಾಲುಬಾಯಿ, ಅಕ್ಕಿ ಪಾಯಸ ಮತ್ತು ಸೌತೆಕಾಯಿ ಕಡುಬಿನಲ್ಲಿ ಮಾತ್ರ ಬೆಲ್ಲ ಸಿದ್ದೆಯಲ್ಲಿದೆ. ಅವರು ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದ್ದಾರೆ. ಬರೆದವರಿಗೆ ಜೋನಿ ಎಂದು ಸೇರಿಸುವ ಅಗತ್ಯವೇ ಕಂಡಿಲ್ಲ.

ಅನುಮಾನದ ಅಣ್ಣ:
ಇದು ಸಾಕ್ಷಿ. ನಾನು ಒಪ್ಪಿದೆ. ಹೋಳಿಗೆಯ ಹೂರಣಕ್ಕೆ ಜೋನಿ ಹಾಕಿದರೆ ಅದು ಕಟ್ಟುವುದೇ ಇಲ್ಲ, ಎಳ್ಳುಂಡೆಯೂ ಅಷ್ಟೇ. ಅಲ್ಲಿ ಅಚ್ಚನ್ನೇ ಬಯಸಿದ್ದು ಸಹಜವಾಗಿದೆ.

ಲೆಕ್ಕಿಗ:
ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆದ ಅಡಕೆಹಾಳೆಯವರಿಗೆ ವಂದನೆ. ಈಗ ಲೆಕ್ಕ ಹಾಕೋಣ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಅಚ್ಚಿಗೆ ಬೇಕಾದರೆ 118ರಿಂದ 120 ಡಿಗ್ರಿ ಸೆಲ್ಸಿಯಸ್ ತನಕ ಹೋಗುತ್ತಾರೆ, ಜೋನಿಗೆ 105-106 ಡಿಗ್ರಿಯಲ್ಲಿಯೇ ಇಳಿಸುತ್ತಾರೆ. ಹಾಗಾಗಿ ಜೋನಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ನೀರೇ ಇರುತ್ತದೆ. ಸಿದ್ದೆಗೆ 250 ಮಿಲಿಲೀಟರ್ ಎಂದು ಊಹಿಸಿಕೊಂಡರೆ ಒಂದೂವರೆ ಸಿದ್ದೆ ಜೋನಿ ಅರ್ಧ ಕಿಲೋ ತೂಗುತ್ತದೆ, ಅದರಲ್ಲಿ ಬೆಲ್ಲದ ಅಂಶ 330 ಗ್ರಾಮಿನಷ್ಟು. ನೀವು ಹಾಕಿದ್ದು 350 ಗ್ರಾಂ. ಸಿಹಿ ಸರಿಯಾಗಿಯೇ ಬಂದದ್ದು ಆಕಸ್ಮಿಕವಲ್ಲ. ಆದರೆ ಅದೇ ಸಿದ್ದೆಗೆ ಅಕ್ಕಿ 210 ಗ್ರಾಂ ಮೀರುವುದಿಲ್ಲ, ನೀವು 233 ಹಾಕಿದಿರಿ. ಅಕ್ಕಿ ಹೆಚ್ಚಾಯಿತು, ಬೆಲ್ಲದ ಜೊತೆ ಬರಬೇಕಾಗಿದ್ದ ನೀರು ಬರಲಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಜೋನಿಯಲ್ಲಿ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿರುತ್ತದೆ. ಈ ಒಡೆದ ಸಕ್ಕರೆ ಸುಲಭವಾಗಿ ಹರಳುಗಟ್ಟುವುದಿಲ್ಲ, ತೇವವನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಮೂರನೆಯ ದಿನದ ಬಳುಕಿಗೆ ಅದರ ಪಾಲೂ ಇದೆ.

ಮಂಡ್ಯದ ಗಾಣ:
ಬಣ್ಣದ ಬಗ್ಗೆ ಆಲೆಮನೆಯಲ್ಲಿ ಬೆಳೆದವನಾಗಿ ಒಂದು ಮಾತು. ಪೇಟೆಯ ಅಚ್ಚುಬೆಲ್ಲ ಹಳದಿಯಾಗಿರಲಿ ಎಂದು ಕೊಳ್ಳುವವರೇ ಕೇಳುತ್ತಾರೆ. ಅದಕ್ಕಾಗಿ ಹಲವು ಕಡೆ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಬಣ್ಣ ತೆಗೆಯುವ ಗಂಧಕದ ರಾಸಾಯನಿಕ ಹಾಕುತ್ತಾರೆ. ಹಾಕಿದೊಡನೆ ಬಣ್ಣ ತಿಳಿಯಾಗುತ್ತದೆ. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಪಾಲು) ಮೀರಬಾರದೆಂದು ನಿಯಮವಿದೆ. ನಮ್ಮ ತಾತ ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆಯುತ್ತಿದ್ದರು, ಬೆಲ್ಲ ಕಪ್ಪಗೆ ಬರುತ್ತಿತ್ತು, ಸಂತೆಯಲ್ಲಿ ಅದಕ್ಕೆ ಎರಡು ಕಾಸು ಕಡಿಮೆ ಸಿಗುತ್ತಿತ್ತು. ಹಳದಿ ಬೆಲ್ಲದಿಂದ ಕಾಫಿ ಬಣ್ಣದ ಹಾಲುಬಾಯಿ ಬರಬೇಕೆಂದರೆ ಅದನ್ನು ಹೊತ್ತಿಸಬೇಕಾಗುತ್ತದೆ.

ಒರಳುಕಲ್ಲು:
ಬೆಲ್ಲದ ವಿಚಾರ ಇತ್ಯರ್ಥವಾಯಿತು ಎಂದಿಟ್ಟುಕೊಳ್ಳೋಣ. ಈಗ ಮಾಡುವ ಕ್ರಮ ಹೇಳಿ. ಅಕ್ಕಿ ಎಷ್ಟು ಹೊತ್ತು ನೆನೆಯುತ್ತದೆ, ಸೋಸುತ್ತೀರೋ ಇಲ್ಲವೋ, ಬೆಲ್ಲ ಯಾವಾಗ ಬೀಳುತ್ತದೆ?

ಹೊಳೆದಂಡೆ:
ನಾಲ್ಕು ತಾಸು ನೆನೆಸಿ, ಕಾಯಿತುರಿಯ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಬೆಲ್ಲವನ್ನೂ ಮೂರು ಪಾಲು ನೀರನ್ನೂ ಆಗಲೇ ಸೇರಿಸಿ, ದಪ್ಪತಳದ ಬಾಣಲೆಯಲ್ಲಿ ಒಲೆಗೆ ಏರಿಸುತ್ತೇನೆ. ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಸೋಸುವುದಿಲ್ಲ.

ಒರಳುಕಲ್ಲು:
ಇಪ್ಪತ್ತು ನಿಮಿಷ ಸಾಲದು. ಗಟ್ಟಿಯಾಗುವುದು ಬೇರೆ, ಬೇಯುವುದು ಬೇರೆ. ಸಿಹಿ ಇರುವ ನೀರಿನಲ್ಲಿ ಪಿಷ್ಟ ತಡವಾಗಿ ಅರಳುತ್ತದೆ, ಏಕೆಂದರೆ ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಅಕ್ಕಿ ಹಿಟ್ಟನ್ನು ಬರೀ ನೀರಿನಲ್ಲಿ ಅಂಬಲಿಯ ಹದಕ್ಕೆ ಬೇಯಿಸಿ, ಹಸಿ ವಾಸನೆ ಹೋದ ಮೇಲೆ ಬೆಲ್ಲ ಹಾಕುತ್ತಾರೆ.

ಕುಡ್ತೆ:
ನಮ್ಮಲ್ಲಿ ಹಾಗೆ ಮಾಡಿದರೆ ಗಂಟು ಕಟ್ಟುತ್ತದೆ ಎಂದು ಬೈಗುಳ ಬೀಳುತ್ತದೆ. ಎಲ್ಲವನ್ನೂ ಒಟ್ಟಿಗೇ ಕದಡಿ ಒಲೆಗಿಟ್ಟು, ಮೊದಲ ಹತ್ತು ನಿಮಿಷ ತಳ ಬಿಡದಂತೆ ತಿರುವಿದರೆ ಸಾಕು. ಆಮೇಲೆ ಎಷ್ಟು ಹೊತ್ತಾದರೂ ಸಣ್ಣ ಉರಿಯಲ್ಲಿರಲಿ. ಎರಡು ದಾರಿಯೂ ಒಂದೇ ಊರಿಗೆ ಹೋಗುತ್ತವೆ, ಅವಸರದ ದಾರಿ ಮಾತ್ರ ಹೋಗುವುದಿಲ್ಲ. ಸೋಸದಿದ್ದರೆ ಕಾಯಿಯ ಚರಟ ಬಾಯಿಗೆ ಸಿಗುತ್ತದೆ, ಅದು ನನಗೆ ಇಷ್ಟ, ನಮ್ಮ ಅತ್ತೆಯವರಿಗೆ ಆಗುವುದಿಲ್ಲ.

ಹಾಸನದ ಸೊಸೆ:
ಒಂದು ಹದ ನೋಡುವ ಕ್ರಮ ಹೇಳುತ್ತೇನೆ, ರಾಗಿಗೂ ಅಕ್ಕಿಗೂ ಒಂದೇ. ಪಾಕ ಬಾಣಲೆಯ ಅಂಚು ಬಿಡತೊಡಗಿದಾಗ ಬೆರಳನ್ನು ತಣ್ಣೀರಿನಲ್ಲಿ ಅದ್ದಿ ಮೇಲೆ ಮುಟ್ಟಿ. ಅಂಟಿದರೆ ಇನ್ನೂ ಇದೆ. ಅಂಟದೆ, ಬೆರಳಚ್ಚು ಹೊಳೆಯುತ್ತ ಉಳಿದರೆ ಆಯಿತು. ಅಂಚು ಬಿಟ್ಟಿತೆಂದು ಅಲ್ಲಿಗೇ ಇಳಿಸಿದರೆ ತುಂಡು ಬರುತ್ತದೆ, ಹೊಳಪು ಬರುವುದಿಲ್ಲ. ನಿಮ್ಮ ಅಮ್ಮಮ್ಮನ "ಕೈಗೆ ಅಂಟದಿದ್ದಾಗ" ಎಂಬ ಮಾತು ಇದೇ ಆಗಿದೆ.

ಹೊಗೆಗೂಡು:
ಇಷ್ಟು ಹೊತ್ತು ಓದಿದೆ, ಈಗ ಒಂದು ಅಸಮಾಧಾನವನ್ನು ಹೇಳಿಯೇಬಿಡುತ್ತೇನೆ. ಎಲ್ಲರೂ ಸಿದ್ದೆ, ಸೇರು, ಡಿಗ್ರಿ ಎಂದು ಸಂಶೋಧನೆ ನಡೆಸಿದ್ದೀರಿ. ಹಸಿ ಕಟ್ಟಿಗೆಯ ಒಲೆಯ ಮುಂದೆ ಕೂತು, ಇಪ್ಪತ್ತು ಜನರ ಮನೆಗೆ ಬೇಕಾಗುವಷ್ಟು ಹಾಲುಬಾಯಿಯನ್ನು ಒಂದು ತಾಸು ಕೈ ಬಿಡದೆ ತಿರುವಿದ ಹೆಂಗಸಿಗೆ ಹದ ಹೇಗೆ ಗೊತ್ತಾಗುತ್ತದೆ ಎಂದು ಅವರು ಬದುಕಿದ್ದಾಗ ಯಾರೂ ಕೇಳಲಿಲ್ಲ. ನನ್ನ ಅತ್ತೆಯ ಬಲ ಭುಜ ಮುಪ್ಪಿನಲ್ಲಿ ಮೇಲೇಳುತ್ತಿರಲಿಲ್ಲ. ಹಬ್ಬದ ದಿನ ಎಲ್ಲರ ಊಟವಾದ ಮೇಲೆ ಬಾಣಲೆಗೆ ಹತ್ತಿದ ಸೀಕಲನ್ನು ಸಟ್ಟುಗದಿಂದ ಕೆರೆದು ತಿನ್ನುತ್ತಿದ್ದರು. ಅದೇ ರುಚಿ ಎನ್ನುತ್ತಿದ್ದರು. ರುಚಿಗಾಗಿ ತಿನ್ನುತ್ತಿದ್ದರೋ ಉಳಿದದ್ದು ಅಷ್ಟೇ ಎಂದು ತಿನ್ನುತ್ತಿದ್ದರೋ ನಾನೂ ಕೇಳಲಿಲ್ಲ.

ಅಡಕೆಹಾಳೆ:
ಮೇಡಂ, ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಅಮ್ಮಮ್ಮ ಬರೆದಿಟ್ಟಿದ್ದಾರೆ ಎಂಬುದನ್ನೂ ಗಮನಿಸಬೇಕು. ಹಾಲಿನ ಲೆಕ್ಕ ಬರೆಯಲು ಕೊಟ್ಟ ಪುಸ್ತಕವನ್ನು ತಿರುಗಿಸಿಕೊಂಡು ತಮ್ಮ ಲೆಕ್ಕವನ್ನು ಬರೆದುಕೊಂಡಿದ್ದಾರೆ.

ಹೊಗೆಗೂಡು:
ಅದಕ್ಕೇ ಅಸಮಾಧಾನವನ್ನು ಇಷ್ಟಕ್ಕೇ ನಿಲ್ಲಿಸಿದೆ.

ದೂರದೇಶಿ:
ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಜೋನಿ ಬೆಲ್ಲ ಸಿಗುವುದಿಲ್ಲ. ಅಂಗಡಿಯಲ್ಲಿ ಕಪ್ಪನೆಯ ಮೊಲಾಸಿಸ್ ಸಿಗುತ್ತದೆ. ನೋಡಲು ಹಾಗೆಯೇ ಇದೆ. ಅದನ್ನೇ ಹಾಕಬಹುದೇ?

ಮಂಡ್ಯದ ಗಾಣ:
ದಯವಿಟ್ಟು ಬೇಡ. ಅದು ಕಾಕಂಬಿ, ಸಕ್ಕರೆಯನ್ನು ತೆಗೆದುಕೊಂಡ ಮೇಲೆ ಉಳಿಯುವ ಪದಾರ್ಥ, ಕಹಿ ಇರುತ್ತದೆ. ಜೋನಿ ಎಂದರೆ ಏನನ್ನೂ ತೆಗೆಯದ ಇಡೀ ಕಬ್ಬಿನ ಹಾಲು.

ಲೆಕ್ಕಿಗ:
ಕಪ್ಪು ಅಚ್ಚುಬೆಲ್ಲ ಸಿಕ್ಕಿದರೆ ಎರಡು ಪಾಲು ಬೆಲ್ಲಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ನೀರು ಹಾಕಿ ಕರಗಿಸಿ, ಸೋಸಿ, ನಾಲ್ಕು ಹನಿ ನಿಂಬೆರಸ ಬಿಟ್ಟು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿರಿ. ಹುಳಿ ಸಕ್ಕರೆಯನ್ನು ಸ್ವಲ್ಪ ಒಡೆಯುತ್ತದೆ. ಜೋನಿಯ ಪರಿಮಳ ಬರುವುದಿಲ್ಲ, ನಡತೆ ಹತ್ತಿರಕ್ಕೆ ಬರುತ್ತದೆ.

ಅಡಕೆಹಾಳೆ:
ಊರಿನಿಂದ ಜೋನಿ ತರಿಸುವವರಿಗೆ ಒಂದು ಎಚ್ಚರಿಕೆ. ಮುಚ್ಚಳ ತೆರೆದಾಗ ನೊರೆ ಉಕ್ಕಿ ಹೆಂಡದ ವಾಸನೆ ಬಂದರೆ ಅದು ಹುಳಿತಿದೆ. ಒದ್ದೆ ಸೌಟು ಹಾಕಿದ ಡಬ್ಬಿ ಮಳೆಗಾಲ ಕಳೆಯುವುದಿಲ್ಲ. ಆಲೆಮನೆಯ ಹಂಗಾಮಿನಲ್ಲಿ ಕೊಂಡರೆ ತೊಡದೇವು (ಬೋರಲು ಹಾಕಿದ ಕಾದ ಮಡಕೆಯ ಮೇಲೆ ಮಾಡುವ ತೆಳು ಸಿಹಿ) ಮಾಡುವವರ ಮನೆಯಲ್ಲೂ ನಾಲ್ಕು ತಿಂದು ಬರಬಹುದು, ಅದು ಬೇರೆ ಲಾಭ.

ಅನುಮಾನದ ಅಣ್ಣ:
ತೊಡದೇವಿಗೆ ಹೊರಟರೆ ಈ ಚರ್ಚೆ ಮಡಕೆಯ ಬೆನ್ನಿನ ಮೇಲೆ ಹತ್ತಿ ಕೂರುತ್ತದೆ. ಹೊಳೆದಂಡೆಯವರು ಮಾಡಿ ನೋಡಿದರೋ ಇಲ್ಲವೋ?

ಹೊಳೆದಂಡೆ:
ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ. ಸಾಗರದಿಂದ ಸೋದರಮಾವ ಎರಡು ಕಿಲೋ ಜೋನಿ ಕಳಿಸಿದರು. ಸ್ಟೀಲಿನ ಲೋಟದಲ್ಲಿ ಒಂದಕ್ಕೆ ಒಂದೂವರೆ ಅಳೆದೆ. ಒರಳುಕಲ್ಲು ಅವರು ಹೇಳಿದಂತೆ ಅಕ್ಕಿ ಮತ್ತು ಕಾಯಿಯ ಹಿಟ್ಟನ್ನು ಮೊದಲು ಬರೀ ನೀರಿನಲ್ಲಿ ಬೇಯಿಸಿದೆ. ಗಂಟು ಕಟ್ಟಿತು, ಕುಡ್ತೆಯವರು ನಗಬಹುದು. ಕಡೆಗೋಲಿನಿಂದ ಒಡೆದು ಸರಿಮಾಡಿದೆ. ಜೋನಿ ಬಿದ್ದ ಕೂಡಲೇ ಇಡೀ ಪಾಕ ಸಡಿಲವಾಗಿ ನೀರಾಯಿತು. ಇದೂ ಕೆಟ್ಟಿತು ಎಂದುಕೊಂಡು ಒಲೆ ಆರಿಸಲು ಕೈ ಹಾಕಿದ್ದೆ. ಅಮ್ಮ ಕುರ್ಚಿಯಿಂದಲೇ "ಇನ್ನೂ ಉಸಿರು ಬಿಡ್ತಾ ಇದೆ, ತಿರುವು" ಎಂದಳು. ಪಾಕದಲ್ಲಿ ಏಳುವ ಗುಳ್ಳೆಗಳು ಪುಸ್ ಪುಸ್ ಎಂದು ಒಡೆಯುವುದಕ್ಕೆ ಅವರ ಮನೆಯಲ್ಲಿ ಹಾಗೆ ಹೇಳುತ್ತಿದ್ದರಂತೆ. ಉಸಿರು ನಿಂತು ಒಂದೇ ಮುದ್ದೆಯಾಗಿ ಸಟ್ಟುಗದ ಹಿಂದೆ ಸುತ್ತತೊಡಗಿದಾಗ ಗಡಿಯಾರ ನೋಡಿದೆ. ಐವತ್ತೈದು ನಿಮಿಷ ಆಗಿತ್ತು. ಹೊಗೆಗೂಡು ಅವರೇ, ಗ್ಯಾಸಿನ ಒಲೆಯ ಮುಂದೆ, ಫ್ಯಾನಿನ ಕೆಳಗೆ ನಿಂತೂ ನನ್ನ ಭುಜ ಎರಡು ದಿನ ನೋಯಿತು.

ಬಣ್ಣ ಬಂದಿದೆ. ಬಾಳೆಲೆ ಸಿಗಲಿಲ್ಲ, ತುಪ್ಪ ಸವರಿದ ತಟ್ಟೆಗೆ ಹೊಯ್ದೆ. ಎರಡು ರಾತ್ರಿ ಹೊರಗೇ ಇಟ್ಟೆ, ಹವೆ ತಂಪಾಗಿದ್ದುದರಿಂದ ಕೆಡಲಿಲ್ಲ, ಗಟ್ಟಿಯೂ ಆಗಲಿಲ್ಲ. ಮೂರನೆಯ ದಿನಕ್ಕೆ ಉಳಿಯಲಿಲ್ಲ, ಹಾಗಾಗಿ ಆ ಪರೀಕ್ಷೆ ಬಾಕಿ ಇದೆ.

ಅನುಮಾನದ ಅಣ್ಣ:
ಅಮ್ಮ ತಿಂದು ಏನೆಂದರು?

ಹೊಳೆದಂಡೆ:
ಎರಡು ತುಂಡು ತಿಂದಳು. ಉಪ್ಪು ಕಡಿಮೆಯಾಗಿದೆ ಎಂದಳು. ಪುಸ್ತಕದ "ಉಪ್ಪು ಹರಳು" ಎಂಬುದನ್ನು ನಾನು ಚಿಟಿಕೆ ಪುಡಿ ಉಪ್ಪು ಎಂದು ಓದಿಕೊಂಡಿದ್ದೆ.

ಲೆಕ್ಕಿಗ:
ಒಂದು ಹರಳು ಎಂದರೆ ಎಷ್ಟು ದೊಡ್ಡದು ಎಂದು ಕೇಳಿದಿರಾ?

ಹೊಳೆದಂಡೆ:
ಕೇಳಿದೆ. ಹೆಬ್ಬೆರಳಿನ ಉಗುರು ತೋರಿಸಿದಳು.